ಹಳೇ ಮೋಟರ್‌ಹೋಮ್‌ನ ಎಂಜಿನ್ ಯಾಕೆ ಇಷ್ಟು ಅರಚುತ್ತದೆ?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಸ್‌ನಲ್ಲಿದ್ದೇವೆ. ಕಳೆದ ವರ್ಷ 1986ರ ಒಂದು ಮೋಟರ್‌ಹೋಮ್ (ಒಳಗೇ ವಾಸ ಮಾಡಬಹುದಾದ ಮನೆಯಂಥ ಗಾಡಿ) ಕೊಂಡೆವು. ಫೋರ್ಡ್ ಇ-350 ಚಾಸಿ, 460 ವಿ8 ಪೆಟ್ರೋಲ್ ಎಂಜಿನ್, ಮೂರು ಗೇರಿನ ಸಿ6 ಆಟೊಮ್ಯಾಟಿಕ್. ಹೈವೇಯಲ್ಲಿ 65 ಮೈಲಿ ವೇಗಕ್ಕೆ ಹೋದರೆ ಎಂಜಿನ್ ಅರಚುತ್ತದೆ. ಪಕ್ಕದಲ್ಲಿ ಕೂತ ಹೆಂಡತಿಯ ಮಾತು ಕೇಳೋದಿಲ್ಲ. ಹಿಂದೆ ಮಕ್ಕಳ ಜೊತೆ ಕೂರುವ ಅಮ್ಮನಿಗೆ ಪ್ರತಿ ಸಲ ತಲೆನೋವು. ಒಬ್ಬ ಮೆಕ್ಯಾನಿಕ್ ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ನಿಧಾನ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಹಾಕಿಸಿ ಅಂದರು. ಇನ್ನೊಬ್ಬರು ಹಿಂದಿನ ಆಕ್ಸಲ್‌ನ ಗೇರ್ ಬದಲಿಸಿ ಅಂದರು. ಯಾರ ಮಾತು ಕೇಳಲಿ?

ಉತ್ತರ: ಅವೆರಡೂ ಆಮೇಲೆ. ಮೊದಲು ಅಮ್ಮನ ತಲೆನೋವಿನ ವಿಷಯ ಮಾತಾಡೋಣ.

ಅದು ಬರೀ ಸದ್ದಿನಿಂದ ಬಂತು ಅಂದುಕೊಳ್ಳಬೇಡಿ. ಈ 460 ಎಂಜಿನ್‌ಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್‌ನಿಂದ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆ ಕಳಿಸುವ ಕೊಳವೆಯ) ಬೋಲ್ಟ್ ಮುರಿಯುವುದು ಮಾಮೂಲಿ. ಮುರಿದ ಜಾಗದಿಂದ ಹೊಗೆ ಸೋರುತ್ತದೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಶುರು ಮಾಡಿದಾಗ ಟಿಕ್ ಟಿಕ್ ಅಂತ ಸದ್ದು ಬಂದು, ಬಿಸಿಯಾದ ಮೇಲೆ ಕಡಿಮೆಯಾಗುತ್ತದೆಯೇ? ಹಾಗಿದ್ದರೆ ಹೆಚ್ಚಾಗಿ ಇದೇ ಕಾರಣ. ಲೋಹ ಕಾದು ಹಿಗ್ಗಿದಾಗ ಸಂದು ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಅಷ್ಟೇ. ನಿಮ್ಮ ಗಾಡಿಯಲ್ಲಿ ಎಂಜಿನ್‌ನ ಅರ್ಧ ಭಾಗ ಎರಡು ಸೀಟುಗಳ ನಡುವಿನ ಡಬ್ಬಿಯೊಳಗೇ ಇದೆ. ಸೋರಿದ ಹೊಗೆಗೆ ಒಳಗೆ ಬರೋಕೆ ಬಹಳ ದೂರವೇನಿಲ್ಲ. ಇನ್ನೊಂದು ವಿಷಯ, ಓಡುವಾಗ ಹಿಂದಿನ ಕಿಟಕಿ ತೆಗೆದಿಟ್ಟರೂ ಹಿಂಬದಿಯ ಹೊಗೆ ಒಳಗೆ ಎಳೆದುಕೊಳ್ಳುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಮೊದಲ ಗುರುತೇ ತಲೆನೋವು, ಸುಸ್ತು, ವಾಕರಿಕೆ.

ಹಾಗಾಗಿ ಇವತ್ತೇ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ತನ್ನಿ. ಹಳೇದು ಒಂದಿದ್ದರೆ ಅದರ ಮೇಲೆ ಬರೆದಿರುವ ಅವಧಿ ನೋಡಿ, ಮುಗಿದಿದ್ದರೆ ಬದಲಿಸಿ. ಸೋರಿಕೆ ಇಲ್ಲ ಅಂತ ಖಾತ್ರಿಯಾಗುವವರೆಗೆ ಅಮ್ಮನನ್ನೂ ಮಕ್ಕಳನ್ನೂ ಆ ಗಾಡಿಯಲ್ಲಿ ಕೂರಿಸಬೇಡಿ. ಅಮ್ಮನ ತಲೆನೋವಿನ ಬಗ್ಗೆ ಡಾಕ್ಟರಿಗೂ ಒಂದು ಮಾತು ಹೇಳಿ. ಸೋರಿಕೆ ಹುಡುಕಲು ಸುಲಭದ ದಾರಿ ಇದೆ. ಎಂಜಿನ್ ತಣ್ಣಗಿರುವಾಗ ವರ್ಕ್‌ಶಾಪ್ ವ್ಯಾಕ್ಯೂಮ್‌ನ ಗಾಳಿ ಊದುವ ಬದಿಯನ್ನು ಸೈಲೆನ್ಸರ್ ಬಾಯಿಗೆ ಹಿಡಿದು, ಮ್ಯಾನಿಫೋಲ್ಡಿನ ಜೋಡಣೆಗಳಿಗೆ ಸೋಪಿನ ನೀರು ಚಿಮುಕಿಸಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲೇ ಸೋರುತ್ತಿದೆ. ಇದನ್ನು ರಿಪೇರಿ ಮಾಡಿಸಿದರೆ ಸದ್ದಿನ ಒಂದು ದೊಡ್ಡ ಪಾಲೂ ಹೋಗುತ್ತದೆ.

ಈಗ ಎಂಜಿನ್‌ನ ವೇಗಕ್ಕೆ ಬರೋಣ. ನಿಮ್ಮ ಗಾಡಿ ತಯಾರಾದಾಗ ಅಮೆರಿಕದಲ್ಲಿ ಎಲ್ಲೆಡೆ 55 ಮೈಲಿ ವೇಗಮಿತಿ ಇತ್ತು. 1974ರಲ್ಲಿ ಬಂದ ಆ ನಿಯಮ 1987ರಲ್ಲಿ ಸಡಿಲವಾಯಿತು, 1995ರಲ್ಲಿ ರದ್ದಾಯಿತು. ಅಂದರೆ 65ರ ಓಟವನ್ನು ಮನಸ್ಸಲ್ಲಿಟ್ಟು ಮಾಡಿದ ಗಾಡಿಯಲ್ಲ ಅದು. ಸಿ6ನಲ್ಲಿ ಮೂರನೇ ಗೇರ್ ಅಂದರೆ ಎಂಜಿನ್ ಒಂದು ಸುತ್ತು ತಿರುಗಿದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲರ್ ಶಾಫ್ಟೂ ಒಂದೇ ಸುತ್ತು. ಅದರ ಮೇಲೆ ಓವರ್‌ಡ್ರೈವ್ ಇಲ್ಲ. ಲೆಕ್ಕ ನೀವೇ ಹಾಕಬಹುದು: ಮೈಲಿ ವೇಗವನ್ನು ಆಕ್ಸಲ್ ಅನುಪಾತದಿಂದಲೂ (ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋ ಸಂಖ್ಯೆ) 336ರಿಂದಲೂ ಗುಣಿಸಿ, ಟೈರಿನ ಎತ್ತರದ ಇಂಚಿನಿಂದ ಭಾಗಿಸಿ. 4.10 ಆಕ್ಸಲ್, 29.5 ಇಂಚಿನ ಟೈರ್ ಅಂತ ಇಟ್ಟುಕೊಂಡರೆ 55ರಲ್ಲಿ ನಿಮಿಷಕ್ಕೆ ಸುಮಾರು 2,570 ಸುತ್ತು, 65ರಲ್ಲಿ 3,035. ಎಂಜಿನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರ್ ಜಾರುವುದರಿಂದ ಇನ್ನೊಂದು ನೂರು ಸೇರಿಸಿ. ನಿಮ್ಮ ಆಕ್ಸಲ್ ಯಾವುದು ಅನ್ನೋದಕ್ಕೆ ಡ್ರೈವರ್ ಬಾಗಿಲಿನ ಸ್ಟಿಕ್ಕರ್‌ನಲ್ಲಿ ಸಂಕೇತ ಇರುತ್ತದೆ.

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಒಂದು ಸಾದಾ ಆರ್‌ಪಿಎಂ ಮೀಟರ್ ಹಾಕಿಸಿ, ಈ ಲೆಕ್ಕಕ್ಕೆ ಹೋಲಿಸಿ. 65ರಲ್ಲಿ 3,100–3,200 ಬಂದರೆ ಎಂಜಿನ್ ತನ್ನ ಕೆಲಸ ತಾನು ಮಾಡುತ್ತಿದೆ. 3,400 ದಾಟಿದರೆ ಗೇರ್‌ಬಾಕ್ಸ್ ಜಾರುತ್ತಿರಬಹುದು, ಅಥವಾ ಸ್ಪೀಡೋಮೀಟರ್ ಸುಳ್ಳು ಹೇಳುತ್ತಿರಬಹುದು. ಫೋನಿನ ಜಿಪಿಎಸ್‌ನಲ್ಲಿ ವೇಗ ನೋಡಿದರೆ ಎರಡನೆಯದು ತಿಳಿಯುತ್ತದೆ. ಜಾರುವ ಗೇರ್‌ಬಾಕ್ಸ್ ಹಿಂದೆ ಓವರ್‌ಡ್ರೈವ್ ಕೂರಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಬಹಳ ಜನ ಬಿಟ್ಟುಬಿಡುವ ಇನ್ನೊಂದು ಕಡೆ ಇದೆ: ಫ್ಯಾನ್ ಕ್ಲಚ್, ಅಂದರೆ ರೇಡಿಯೇಟರ್ ಫ್ಯಾನನ್ನು ಬೇಕಾದಾಗ ಎಂಜಿನ್ ಜೊತೆ ತಿರುಗಿಸಿ, ಬೇಡದಾಗ ಸಡಿಲ ಬಿಡುವ ಭಾಗ. ತಣ್ಣಗಿರುವ ಎಂಜಿನ್ ಶುರುವಾದಾಗ ಒಂದೆರಡು ನಿಮಿಷ ಫ್ಯಾನ್ ಹೋ ಅಂತ ಕೂಗುವುದು ಸಹಜ. ದಾರಿಯುದ್ದಕ್ಕೂ ಕೂಗಿದರೆ ಕ್ಲಚ್ ಕಚ್ಚಿಕೊಂಡಿದೆ, ಇಲ್ಲವೇ ರೇಡಿಯೇಟರ್ ಕಟ್ಟಿಕೊಂಡು ಎಂಜಿನ್ ನಿಜವಾಗಿಯೂ ಅತಿಯಾಗಿ ಬಿಸಿಯಾಗುತ್ತಿದೆ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಫ್ಯಾನನ್ನು ಕೈಯಿಂದ ತಿರುಗಿಸಿ. ಸ್ವಲ್ಪ ಬಿಗಿಯಾಗಿ ತಿರುಗಬೇಕು. ಅಲುಗಾಡದಿದ್ದರೆ ಬದಲಿಸಿ. ನೀವು ಎಂಜಿನ್ ಅರಚುತ್ತಿದೆ ಅಂದುಕೊಂಡಿದ್ದು ಫ್ಯಾನ್ ಆಗಿರಬಹುದು!

ಆಮೇಲೆ ಸೀಟುಗಳ ನಡುವಿನ ಎಂಜಿನ್ ಡಬ್ಬಿ. ರಾತ್ರಿ ಕತ್ತಲಲ್ಲಿ ಬಾನೆಟ್ ಒಳಗೆ ಒಂದು ಬ್ಯಾಟರಿ ದೀಪ ಹಾಕಿಟ್ಟು, ನೀವು ಸೀಟಿನಲ್ಲಿ ಕೂತು ನೋಡಿ. ಡಬ್ಬಿಯ ಅಂಚಿನಲ್ಲಿ, ಪೆಡಲ್‌ಗಳ ಹತ್ತಿರ, ವೈರ್ ತೂರಿಸಿದ ತೂತುಗಳಲ್ಲಿ ಬೆಳಕು ಕಂಡರೆ ಅಲ್ಲಿಂದ ಸದ್ದೂ ಬರುತ್ತದೆ, ಬಿಸಿಯೂ ಬರುತ್ತದೆ, ಹೊಗೆಯೂ ಬರುತ್ತದೆ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಉಳಿದದ್ದು ಎಷ್ಟೇ ದಪ್ಪವಿರಲಿ, 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯೋಕೆ ಆಗೋದಿಲ್ಲ. ಅದಕ್ಕೇ ಮೊದಲು ರಬ್ಬರ್ ಸೀಲ್ ಹೊಸದು ಹಾಕಿ, ಕೊಂಡಿಗಳನ್ನು ಬಿಗಿ ಮಾಡಿ. ಆಮೇಲೆ ಡಬ್ಬಿಯ ಒಳಮೈಗೆ ಬ್ಯೂಟೈಲ್ ಶೀಟು (ನಡುಕ ತಗ್ಗಿಸುವ ಅಂಟು ರಬ್ಬರ್ ಹಾಳೆ), ಅದರ ಮೇಲೆ ಶಾಖ ತಡೆಯುವ ಅಲ್ಯೂಮಿನಿಯಂ ಮೈಯ ಹೊದಿಕೆ. ಒಳಗಡೆ ನೆಲಕ್ಕೆ ಭಾರದ ವಿನೈಲ್ ಹಾಸು. ಹಾಸಿಗೆಯ ಸ್ಪಂಜನ್ನು ದಯವಿಟ್ಟು ಎಂಜಿನ್ ಹತ್ತಿರ ತುರುಕಬೇಡಿ. ಅದು ಹತ್ತಿಕೊಳ್ಳುತ್ತದೆ.

ಇಷ್ಟು ಮಾಡಿ 58–60ರಲ್ಲಿ ಒಂದು ದಿನ ಓಡಿಸಿ ನೋಡಿ. 55ರಿಂದ 65ಕ್ಕೆ ಹೋದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಸುಮಾರು 65 ಪರ್ಸೆಂಟ್ ಏರುತ್ತದೆ. ಐದಾರು ಮೈಲಿ ಇಳಿಸಿದರೆ ಪೆಟ್ರೋಲೂ ಉಳಿಯುತ್ತದೆ, ಕಿವಿಯೂ ಉಳಿಯುತ್ತದೆ.

ಆಮೇಲೂ ಸಾಲದು ಅನಿಸಿದರೆ ನನ್ನ ಓಟು ಓವರ್‌ಡ್ರೈವ್‌ಗೆ. ಗೇರ್ ವೆಂಡರ್ಸ್ ಕಂಪನಿಯ ಓವರ್‌ಡ್ರೈವ್ ಯೂನಿಟ್ ಹಾಕಿದರೆ ಎಂಜಿನ್ ವೇಗ 22 ಪರ್ಸೆಂಟ್ ಇಳಿಯುತ್ತದೆ. 65ರಲ್ಲಿ 3,035 ಇದ್ದದ್ದು 2,370ರ ಹತ್ತಿರ ಬರುತ್ತದೆ. ಪ್ರೊಪೆಲರ್ ಶಾಫ್ಟ್ ಮೋಟು ಮಾಡಿಸಬೇಕು, ಖರ್ಚು ಕೆಲವು ಸಾವಿರ ಡಾಲರ್. ಆದರೆ ಏರು ಬಂದಾಗ ಅದನ್ನು ಬಿಡಿಸಿ ಹಳೇ ಗೇರಿಗೆ ಮರಳಬಹುದು. ಹಿಂದಿನ ಆಕ್ಸಲ್‌ನ ಗೇರ್ (ಕ್ರೌನ್-ಪಿನಿಯನ್) ಬದಲಿಸಿ 3.55 ಅನುಪಾತದ್ದು ಹಾಕಿದರೆ ಆ ದಾರಿ ಮುಚ್ಚಿಹೋಗುತ್ತದೆ. ಸಪಾಟು ಟೆಕ್ಸಸ್‌ನಲ್ಲಿ ಸರಿ, ಐದು ಟನ್ ಹೊತ್ತು ಕೊಲೊರಾಡೊ ಗುಡ್ಡ ಹತ್ತುವಾಗ ಪ್ರತಿದಿನ ನೆನಪಿಸಿಕೊಳ್ಳುತ್ತೀರಿ. ದೊಡ್ಡ ಟೈರ್ ಹಾಕುವ ಯೋಚನೆ ಬೇಡ. ಹಿಂದಿನ ಜೋಡಿ ಚಕ್ರಗಳು ಒಂದಕ್ಕೊಂದು ಉಜ್ಜುತ್ತವೆ. ನಿಮ್ಮ ರಿಮ್ 16.5 ಇಂಚಿನದಾಗಿದ್ದರೆ 16 ಇಂಚಿನ ಟೈರನ್ನು ಅದಕ್ಕೆ ಎಂದೂ ಕೂರಿಸಬೇಡಿ. ಗಾಳಿ ತುಂಬುವಾಗಲೇ ಸಿಡಿದು ಜನ ಸತ್ತಿದ್ದಾರೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಹಳೇ ಟೆಂಪೋ ಟ್ರಾವೆಲರ್ ಕೊಂಡು, ಸೀಟು ತೆಗೆಸಿ ಹಾಸಿಗೆ ಹಾಕಿಸಿದ್ದೇವೆ. ನಮಗೂ ಇದೇ ಗೋಳು. ಆಕ್ಸಲ್ ಬದಲಿಸಬಹುದಾ?

ಉತ್ತರ: ನಿಮ್ಮ ಗಾಡಿಗೆ ಅದು ಬೇಡ. ಡೀಸೆಲ್ ಎಂಜಿನ್‌ನ ಬಡಿತ ಮತ್ತು ನಡುಕವೇ ನಿಮ್ಮ ತೊಂದರೆ ಇರಬೇಕು. ಎಂಜಿನ್ ಮೌಂಟಿಂಗ್ ರಬ್ಬರ್‌ಗಳನ್ನು ನೋಡಿಸಿ, ಕುಸಿದಿದ್ದರೆ ಹೊಸದು ಹಾಕಿಸಿ. ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳ ಸರ್ವಿಸ್ ಮಾಡಿಸಿ. ಎಂಜಿನ್ ಮುಚ್ಚಳದ ಸೀಲಿಗೆ ಮೇಲೆ ಹೇಳಿದ ದೀಪದ ಪರೀಕ್ಷೆ ನಿಮಗೂ ಆಗುತ್ತದೆ. ಇನ್ನೊಂದು ಮಾತು, ಸೀಟು ತೆಗೆಸಿದ್ದನ್ನು ಆರ್‌ಸಿಯಲ್ಲಿ ಸೇರಿಸಿದ್ದೀರಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಬಹುದು. ಮುಂದಿನ ಪ್ರವಾಸಕ್ಕೆ ಮೊದಲು ಆ ಕೆಲಸ ಮುಗಿಸಿಕೊಳ್ಳಿ.