ಓದುಗರ ಪ್ರಶ್ನೆ, ನಮ್ಮ ಉತ್ತರ: ನಾಟಕಕ್ಕೆ ಹೊರಟ ಮಕ್ಕಳು, ಎದೆ ಹೊಡೆದುಕೊಳ್ಳುವ ಹೆತ್ತವರು

ಹದಿಹರೆಯದ ಮಕ್ಕಳನ್ನು ಕರೆದುಕೊಂಡು ಬೇರೆ ನಗರಕ್ಕೆ ನಾಟಕ ನೋಡಲು ಹೋಗಬೇಕು, ಆದರೆ ಪ್ರಯಾಣವೆಂದರೆ ಭಯ ಎಂದು ಬರೆದವರ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮಗನೊಬ್ಬನ ಪತ್ರವೂ ಇದರಲ್ಲಿದೆ.

ಪ್ರಶ್ನೆ: ಮಗಳಿಗೆ 14 ವರ್ಷ. ನಾಲ್ಕೈದು ಗಂಟೆ ರೈಲು ದೂರದ ನಗರದಲ್ಲಿ ನಡೆಯುತ್ತಿರುವ ಒಂದು ಸಂಗೀತ ನಾಟಕ ನೋಡಲೇಬೇಕು ಅಂತ ಹಟ. ಎರಡು ರಾತ್ರಿ ಉಳಿಯುವಷ್ಟು ರಜೆ ಇದೆ, ನಾವಿಬ್ಬರೇ ಹೋಗುವುದು. ನನಗೋ ಹೊರಡುವ ವಾರ ಮೊದಲೇ ಹೊಟ್ಟೆ ಕಲಸುತ್ತದೆ, ನಿದ್ದೆ ಕೆಡುತ್ತದೆ. ರೈಲು ತಡವಾದರೆ? ದಾರಿ ತಪ್ಪಿದರೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಾಟಕದ ಹೊತ್ತಿನಿಂದ ಶುರು ಮಾಡಿ. ಹೆಚ್ಚಿನವರು ಮೊದಲು ರೈಲು, ಆಮೇಲೆ ಹೋಟೆಲ್ ಗೊತ್ತುಮಾಡಿ, ಉಳಿದ ಜಾಗದಲ್ಲಿ ನಾಟಕ ತುರುಕುತ್ತಾರೆ. ಆಗ ಅದು ತಲುಪಿದ ದಿನದ ಸಂಜೆಗೇ ಬೀಳುತ್ತದೆ. ರೈಲು ತಡವಾಗುವ ಒಂದೊಂದು ನಿಮಿಷವೂ ನಾಟಕದ ಬುಡಕ್ಕೇ ಬರುತ್ತದೆ, ನೀವು ದಾರಿಯುದ್ದಕ್ಕೂ ಗಡಿಯಾರ ನೋಡುತ್ತಾ ಕೂರುತ್ತೀರಿ. ಅದರ ಬದಲು ಎರಡನೆಯ ದಿನದ ಮಧ್ಯಾಹ್ನದ ಪ್ರದರ್ಶನ, ಅಂದರೆ ಮ್ಯಾಟಿನಿ, ಹಿಡಿಯಿರಿ. ರೈಲು ಮೂರು ಗಂಟೆ ತಡವಾದರೂ ಒಂದು ಸಂಜೆ ಹೋಗಬಹುದು, ನಾಟಕ ಹೋಗುವುದಿಲ್ಲ. ಮುಗಿದಾಗ ಇನ್ನೂ ಬೆಳಕಿರುತ್ತದೆ ಅಥವಾ ಬೀದಿಯಲ್ಲಿ ಜನ ಇರುತ್ತಾರೆ, ಗೊತ್ತಿಲ್ಲದ ಊರಲ್ಲಿ ಕತ್ತಲಲ್ಲಿ ದಾರಿ ಹುಡುಕುವ ಪ್ರಮೇಯವಿಲ್ಲ.

ಮ್ಯಾಟಿನಿಗೆ ಎರಡು ತೊಡಕುಗಳಿವೆ. ಅದು ವಾರದ ಎಲ್ಲ ದಿನ ಇರುವುದಿಲ್ಲ; ವಾರದ ನಡುವೆ ಒಂದು, ವಾರಾಂತ್ಯದಲ್ಲಿ ಒಂದೆರಡು ಇರುವುದು ಸಾಮಾನ್ಯ. ಬಹಳಷ್ಟು ರಂಗಮಂದಿರಗಳಿಗೆ ವಾರದಲ್ಲಿ ಒಂದು ದಿನ ಪೂರ್ತಿ ರಜೆ. ಹಾಗಾಗಿ ತಾರೀಕು ನೋಡಿದ ಮೇಲೆಯೇ ರೈಲು. ಎರಡನೆಯದು, ಗಂಟಲಿಗೆ ಹೆಚ್ಚು ಶ್ರಮವಿರುವ ಮುಖ್ಯ ಪಾತ್ರವನ್ನು ಕೆಲವು ಪ್ರದರ್ಶನಗಳಲ್ಲಿ ಬದಲಿ ನಟರು ಮಾಡುತ್ತಾರೆ. ಮಗಳು ನಾಟಕಕ್ಕಲ್ಲ, ಒಬ್ಬ ನಿರ್ದಿಷ್ಟ ನಟಿಗಾಗಿ ಬರುತ್ತಿದ್ದರೆ ಆ ನಟಿ ಯಾವ ಪ್ರದರ್ಶನಗಳಲ್ಲಿ ಇರುವುದಿಲ್ಲ ಎಂದು ರಂಗಮಂದಿರದ ಜಾಲತಾಣದಲ್ಲಿ ಮೊದಲೇ ನೋಡಿ. ಅಲ್ಲಿ ಹೆಸರಿದ್ದರೂ ಅದೇ ದಿನ ಹುಷಾರು ತಪ್ಪಬಹುದು, ಇದನ್ನು ಮಗಳಿಗೂ ಹೇಳಿಟ್ಟಿರಿ.

ರೈಲಿನ ವಿಷಯ. ಬದಲಿಸಬೇಕಾದ ವೇಗದ ರೈಲಿಗಿಂತ ನೇರ ಹೋಗುವ ನಿಧಾನದ ರೈಲು ನಿಮ್ಮಂಥವರಿಗೆ ಒಳ್ಳೆಯದು. ಬದಲಿಸಲೇಬೇಕಾದರೆ ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಇರಲಿ. ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡು ಎರಡನೆಯ ರೈಲು ತಪ್ಪಿದರೆ ಆ ನಷ್ಟ ಹೆಚ್ಚಾಗಿ ನಿಮ್ಮ ತಲೆಗೇ. ಬೆಳಗಿನ ಜಾವದ ರೈಲು ಬೇಡವೇ ಬೇಡ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡಕ್ಕೆ ಸರಿದಿರುತ್ತದೆ. ಬೇಗ ಮಲಗು ಎಂದು ಗದರಿದರೆ ನಿದ್ದೆ ಬರುವುದಿಲ್ಲ. ನಿದ್ದೆಗೆಟ್ಟ ಮಗಳು, ಆತಂಕದ ತಾಯಿ, ನಿಲ್ದಾಣದಲ್ಲಿ ಜಗಳ: ಇದನ್ನು ಹತ್ತು ಗಂಟೆಯ ರೈಲು ತಪ್ಪಿಸುತ್ತದೆ.

ಹೋಟೆಲ್ ನಿಲ್ದಾಣಕ್ಕೆ ಹತ್ತಿರ ಬೇಕೋ, ರಂಗಮಂದಿರಕ್ಕೋ? ರಂಗಮಂದಿರಕ್ಕೆ. ನಡೆದು 15 ನಿಮಿಷದೊಳಗೆ ಇರಲಿ, ರಾತ್ರಿಯಿಡೀ ಸ್ವಾಗತ ಕೌಂಟರಿನಲ್ಲಿ ಜನ ಇರುವಂಥದು ನೋಡಿ. ಒಂದು ದಿನ ಮೊದಲಿನವರೆಗೂ ರದ್ದುಮಾಡಬಹುದಾದ ದರಕ್ಕೆ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ. ಬೇರೆಯವರಿಗೆ ಅದು ದಂಡ, ನಿಮಗೆ ಅಷ್ಟೂ ದಿನದ ನಿದ್ದೆಯ ಬೆಲೆ. ನಾಟಕದ ಟಿಕೆಟ್‌ಗೆ ಈ ಸೌಲಭ್ಯ ಸಾಮಾನ್ಯವಾಗಿ ಇಲ್ಲ. ಹಣ ವಾಪಸ್ ಬರದಿದ್ದರೂ ಬೇರೆ ದಿನಕ್ಕೆ ಬದಲಿಸಿಕೊಡುವ ಕಡೆಗಳಿವೆ, ಕೊಳ್ಳುವ ಮುಂಚೆ ಆ ನಿಯಮ ಓದಿ. ಟಿಕೆಟನ್ನು ರಂಗಮಂದಿರದ ಸ್ವಂತ ಜಾಲತಾಣದಲ್ಲೇ ತೆಗೆದುಕೊಳ್ಳಿ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಾಣುವುದು ಎಷ್ಟೋ ಸಲ ಮರುಮಾರಾಟಗಾರರ ಜಾಹೀರಾತು.

ತಲುಪಿದ ದಿನ ಒಂದೇ ಕೆಲಸ: ಹೋಟೆಲಿನಿಂದ ರಂಗಮಂದಿರದ ಬಾಗಿಲಿನವರೆಗೆ ಇಬ್ಬರೂ ನಡೆದು ಹೋಗಿ ಬನ್ನಿ. ನಕ್ಷೆ ಮಗಳ ಕೈಯಲ್ಲಿರಲಿ. ಟಿಕೆಟ್ ಕೌಂಟರ್ ಎಲ್ಲಿ, ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಚೀಲದ ಗಾತ್ರಕ್ಕೆ ಮಿತಿ ಇದೆಯೇ ಎಂದು ಅಲ್ಲೇ ಕೇಳಿಬಿಡಿ. ಮರುದಿನ ನೀವು ಕಂಡ ದಾರಿಯಲ್ಲಿ ನಡೆಯುತ್ತೀರಿ. ಅದರ ಪರಿಣಾಮವನ್ನು ಕಡಿಮೆ ಅಂದಾಜು ಮಾಡಬೇಡಿ.

ಇನ್ನೊಂದು ಮಾತು, ಇದು ಕಹಿ. ಆತಂಕದವರು ಒಳ್ಳೆಯ ಯೋಜಕರು, ಆದರೆ ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತಾಗುವುದಿಲ್ಲ. ರೈಲಿನ ಹೊತ್ತು, ಹೋಟೆಲ್ ವಿಳಾಸ, ಸೀಟು ಸಂಖ್ಯೆ, ಇಬ್ಬರ ಫೋನ್ ನಂಬರು ಎಲ್ಲವೂ ಒಂದೇ ಕಾಗದದಲ್ಲಿರಲಿ. ಅದನ್ನು ಎರಡೇ ಸಲ ನೋಡಿ: ಹಿಂದಿನ ರಾತ್ರಿ ಒಮ್ಮೆ, ಮನೆ ಬಾಗಿಲಲ್ಲಿ ಒಮ್ಮೆ. ಮೂರನೆಯ ಸಲ ನೋಡಿದರೆ ಐದು ನಿಮಿಷ ಸಮಾಧಾನ, ಆಮೇಲೆ ಮತ್ತೆ ಅನುಮಾನ. ನೋಡಿದ್ದರಿಂದಲೇ ಬಚಾವಾದೆ ಎಂದು ಮನಸ್ಸು ಕಲಿಯುತ್ತಾ ಹೋಗುತ್ತದೆ, ಮುಂದಿನ ಸಲ ಇನ್ನೂ ಹೆಚ್ಚು ಬಾರಿ ನೋಡಬೇಕಾಗುತ್ತದೆ.

ಪ್ರಶ್ನೆ: ಸಾಲಿನ ನಡುವೆ ಕೂತರೆ ಸಿಕ್ಕಿಹಾಕಿಕೊಂಡ ಹಾಗಾಗುತ್ತದೆ, ಮೇಲಿನ ಬಾಲ್ಕನಿಯಲ್ಲಿ ತಲೆ ಸುತ್ತುತ್ತದೆ. ಯಾವ ಸೀಟು ತೆಗೆದುಕೊಳ್ಳಲಿ? ಈಗ ಎರಡು ಸೀಟು ನೋಡಿಟ್ಟಿದ್ದೇನೆ, ಆದರೆ ನಂಬರು 2 ಮತ್ತು 4. ಅಕ್ಕಪಕ್ಕ ಅಲ್ಲವೇ?

ಉತ್ತರ: ಅಕ್ಕಪಕ್ಕವೇ ಇರಬಹುದು. ನ್ಯೂಯಾರ್ಕಿನ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಯಂಥ ಕಡೆ ಒಂದು ಬದಿಗೆ ಸಮಸಂಖ್ಯೆ, ಇನ್ನೊಂದು ಬದಿಗೆ ಬೆಸಸಂಖ್ಯೆ, ನಡುವಿನ ಭಾಗಕ್ಕೆ 101, 102 ಎಂದು ಸಾಲಾಗಿ ಕೊಡುವ ರೂಢಿಯಿದೆ. ಅಲ್ಲಿ 2ರ ಪಕ್ಕ 4. ಅಂಥ ಕಡೆ 1 ಮತ್ತು 2 ತೆಗೆದುಕೊಂಡರೆ ನಡುವೆ ಇಡೀ ಮಧ್ಯಭಾಗ ಬಂದು, ತಾಯಿ ಒಂದು ಕಡೆ ಮಗು ಒಂದು ಕಡೆ ಆದೀತು. ಸಾಲಿನ ಅಕ್ಷರಗಳಲ್ಲೂ ಹೀಗೆಯೇ: 'ಐ' ಅಕ್ಷರ ಒಂದು ಎಂಬ ಅಂಕಿಯಂತೆ ಕಾಣುವುದರಿಂದ ಅನೇಕ ಕಡೆ ಆ ಸಾಲೇ ಇರುವುದಿಲ್ಲ, 'ಎ' ಸಾಲಿನ ಮುಂದೆ 'ಎಎ' ಸಾಲು ಇರುವುದೂ ಉಂಟು. ನಂಬರನ್ನು ನಂಬಬೇಡಿ, ಸೀಟುಗಳ ನಕ್ಷೆ ನೋಡಿ.

ನಿಮಗೆ ಹೇಳಿ ಮಾಡಿಸಿದ ಜಾಗ ಕೆಳಗಿನ ಅಂಕಣದಲ್ಲಿ (ಬಾಲ್ಕನಿಗಳ ಕೆಳಗೆ, ರಂಗದ ಎದುರಿನ ಸೀಟುಗಳಲ್ಲಿ) ಅಥವಾ ಮೊದಲ ಬಾಲ್ಕನಿಯಲ್ಲಿ, ಓಡಾಡುವ ದಾರಿಯ ಪಕ್ಕದ ಸೀಟು. ದಾರಿಯ ಪಕ್ಕ ನೀವು ಕೂರಿ, ಒಳಗಡೆ ಮಗು. ಕೆಳ ಅಂಕಣದ ತೀರಾ ಹಿಂದಿನ ಸಾಲುಗಳಲ್ಲಿ ಬಾಲ್ಕನಿಯ ತಳ ತಲೆಯ ಮೇಲೆ ಚಾಚಿರುತ್ತದೆ, ರಂಗದ ಮೇಲ್ಭಾಗ ಕಾಣುವುದಿಲ್ಲ, ತಗ್ಗು ಸೂರು ಕೆಲವರಿಗೆ ಉಸಿರು ಕಟ್ಟಿಸುತ್ತದೆ. ಮೊಟ್ಟಮೊದಲ ಸಾಲಿನಲ್ಲಿ ರಂಗ ಎತ್ತರವಾದ್ದರಿಂದ ನಟರ ಪಾದ ಕಾಣದು. ನೃತ್ಯವಿರುವ ನಾಟಕಕ್ಕೆ ಅದು ನಷ್ಟ. ಹಳೆಯ ಕಟ್ಟಡಗಳಲ್ಲಿ ಬಾಲ್ಕನಿಯನ್ನು ಹೊತ್ತ ಕಂಬಗಳಿರುತ್ತವೆ, ಅಗ್ಗದ ಟಿಕೆಟಿನ ಮೇಲೆ 'ನೋಟಕ್ಕೆ ಅಡ್ಡಿ' ಎಂದಿದ್ದರೆ ಕಾರಣ ಹೆಚ್ಚಾಗಿ ಅದೇ. ಎಲ್ಲಕ್ಕಿಂತ ಮೇಲಿನ ಬಾಲ್ಕನಿ ನಿಮಗಲ್ಲ. ಅಲ್ಲಿ ಇಳಿಜಾರು ಕಡಿದು, ಕತ್ತಲಲ್ಲಿ ಮೆಟ್ಟಿಲು ಇಳಿಯುವುದು ತಲೆಸುತ್ತು ಇಲ್ಲದವರಿಗೂ ಕಷ್ಟ.

ಪ್ರಶ್ನೆ: ನಾಟಕದ ನಡುವೆಯೇ ಗಾಬರಿ ಶುರುವಾದರೆ? ಎದ್ದು ಹೋಗಲು ನಾಚಿಕೆ, ಕೂರಲು ಆಗದು. ಮಗನನ್ನು ಒಬ್ಬನೇ ಬಿಟ್ಟು ಹೋಗಬಹುದೇ? ಅವನಿಗೆ 15.

ಉತ್ತರ: ಮೊದಲು ಏನಾಗುತ್ತದೆಂದು ತಿಳಿದಿರಲಿ. ಇಂಥ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅತಿಯಾಗಿ ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದ್ದರಿಂದ. ಬಿದ್ದುಬಿಡುತ್ತೇನೆ ಎನಿಸುತ್ತದೆ, ಆದರೆ ಮೂರ್ಛೆ ಹೋಗಲು ರಕ್ತದೊತ್ತಡ ಇಳಿಯಬೇಕು, ಗಾಬರಿಯಲ್ಲಿ ಅದು ಸಾಮಾನ್ಯವಾಗಿ ಏರುತ್ತದೆ. (ಎದೆನೋವು ಹಿಂದೆಂದೂ ಆಗದಂಥದ್ದಾದರೆ ಗಾಬರಿ ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ.) ದೊಡ್ಡ ಉಸಿರು ಎಳೆದುಕೊಳ್ಳಲು ಹೋಗಬೇಡಿ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಬಿಡುವುದು ಉದ್ದ ಇರಬೇಕು. ಪಾದಗಳನ್ನು ನೆಲಕ್ಕೆ ಒತ್ತಿ, ರಂಗದ ಮೇಲಿನ ಒಂದು ವಸ್ತುವನ್ನು ನೋಡುತ್ತಾ ಹೀಗೆ ಹತ್ತು ಸಲ ಮಾಡಿ. ಆದಷ್ಟು ಕೂತೇ ದಾಟಲು ನೋಡಿ. ತುದಿ ಮುಟ್ಟುವ ಮೊದಲೇ ಓಡಿದರೆ ಆ ಜಾಗವೇ ಅಪಾಯ ಎಂದು ಮನಸ್ಸು ಬರೆದಿಟ್ಟುಕೊಳ್ಳುತ್ತದೆ.

ಆದರೂ ಹೋಗಬೇಕಾದರೆ ಹೋಗಿ, ನಾಚಿಕೆ ಬೇಡ. ಒಳಗೆ ಬರುವಾಗಲೇ ಸೀಟು ತೋರಿಸುವ ಸಿಬ್ಬಂದಿಗೆ "ನಡುವೆ ಎದ್ದು ಹೋಗಬೇಕಾಗಬಹುದು, ಯಾವ ಬಾಗಿಲು?" ಎಂದು ಕೇಳಿಡಿ. ಅವರಿಗೆ ಇದು ಹೊಸದಲ್ಲ. ವಾಪಸ್ ಬರುವುದಕ್ಕೆ ಮಾತ್ರ ಅವರು ಹೇಳುವವರೆಗೆ ಕಾಯಬೇಕು. ರಂಗದಲ್ಲಿ ಸೂಕ್ತ ಬಿಡುವು ಬಂದಾಗಷ್ಟೇ ಒಳಗೆ ಬಿಡುತ್ತಾರೆ, ಕೆಲವೊಮ್ಮೆ ಅದು ವಿರಾಮವೇ ಆಗಬಹುದು. ಹೊರಗಿನ ಅಂಗಳದಲ್ಲಿ ಪರದೆಯ ಮೇಲೆ ನಾಟಕ ಕಾಣಿಸುವ ಮಂದಿರಗಳೂ ಇವೆ. ಒಳಗೆ ಮರಳಲು ಹೀಗೆ ಕಾಯಬೇಕಾಗುವುದರಿಂದ ವಿರಾಮವಿಲ್ಲದ ತೊಂಬತ್ತು ನಿಮಿಷದ ನಾಟಕ ನಿಮಗೆ ಬೇಡ. ವಿರಾಮವಿರುವ ಎರಡೂವರೆ ಗಂಟೆಯದು ಉದ್ದವಾದರೂ ವಾಸಿ.

ಮಗನ ಮಾತು. 15 ವರ್ಷದವನು ಇಪ್ಪತ್ತು ನಿಮಿಷ ಒಬ್ಬನೇ ಕೂರಬಲ್ಲ. ಆದರೆ ಕೆಲವು ಮಂದಿರಗಳಲ್ಲಿ ಇಂಥ ವಯಸ್ಸಿನವರೆಗೆ ದೊಡ್ಡವರು ಪಕ್ಕದಲ್ಲೇ ಇರಬೇಕೆಂಬ ನಿಯಮವಿದೆ, ವಿಚಾರಿಸಿ. ಮೊದಲೇ ಒಪ್ಪಂದವಿರಲಿ: ನೀವು ಅವನ ಮೊಣಕೈ ಎರಡು ಸಲ ಮುಟ್ಟಿದರೆ "ಹೊರಗೆ ಹೋಗುತ್ತಿದ್ದೇನೆ, ಚೆನ್ನಾಗಿದ್ದೇನೆ, ನೀನು ನೋಡು" ಎಂದರ್ಥ. ಅವನು ಹಿಂದೆ ಬರುವಂತಿಲ್ಲ. ವಿರಾಮದಲ್ಲಿ ಸೀಟಿನ ಬಳಿಯೇ ಭೇಟಿ. "ಹೊರಗೆ ಸಿಗೋಣ" ಎನ್ನಬೇಡಿ, ದೊಡ್ಡ ಮಂದಿರಕ್ಕೆ ನಾಲ್ಕು ಹೊರಗುಗಳಿರುತ್ತವೆ.

ಅನೇಕ ಕಡೆ 'ರಿಲ್ಯಾಕ್ಸ್ಡ್' ಪ್ರದರ್ಶನ ಎಂದು ಇರುತ್ತದೆ. ಅಲ್ಲಿ ಪ್ರೇಕ್ಷಕರ ಕಡೆಯ ದೀಪ ಪೂರ್ತಿ ಆರಿಸುವುದಿಲ್ಲ, ದಿಢೀರ್ ಶಬ್ದ ತಗ್ಗಿಸಿರುತ್ತಾರೆ, ಎದ್ದು ಹೋಗಿ ಬರಬಹುದು. ಅದು ಚಿಕ್ಕ ಮಕ್ಕಳಿಗೆ ಮಾತ್ರ ಎಂದುಕೊಂಡು ಬಿಟ್ಟುಬಿಡುವವರು ಹೆಚ್ಚು. ಅಲ್ಲ. ಕಾಫಿ ಮಾತ್ರ ಆ ದಿನ ಅಳತೆಯಲ್ಲಿರಲಿ. ವೈದ್ಯರು ಕೊಟ್ಟ ಮಾತ್ರೆಯನ್ನು ಮೊದಲ ಬಾರಿ ಪ್ರಯಾಣದ ದಿನವೇ ನುಂಗಿ ನೋಡಬೇಡಿ, ಮನೆಯಲ್ಲಿದ್ದಾಗ ನೋಡಿ.

ಪ್ರಶ್ನೆ: ತುಂಬಿದ ಸಭಾಂಗಣದಲ್ಲಿ ಬೆಂಕಿ ಬಿದ್ದರೆ ಎಂಬುದೇ ನನ್ನ ದೊಡ್ಡ ಭಯ. ಇದು ಬರೀ ಹುಚ್ಚು ಕಲ್ಪನೆಯೇ?

ಉತ್ತರ: ಹುಚ್ಚಲ್ಲ, ಇತಿಹಾಸವಿದೆ. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೊಕ್ವಾ ಥಿಯೇಟರಿನಲ್ಲಿ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ತಡೆಯುವ ಪರದೆ ಅರ್ಧದಲ್ಲೇ ಸಿಕ್ಕಿಕೊಂಡಿತು, ಬಾಗಿಲ ಚಿಲಕ ತೆಗೆಯುವುದು ಜನಕ್ಕೆ ತಿಳಿಯಲಿಲ್ಲ. (ಅದೂ ಮ್ಯಾಟಿನಿಯೇ, ಮೊದಲ ಪ್ರಶ್ನೆ ಕೇಳಿದವರು ಮನಸ್ಸು ಬದಲಿಸಬೇಕಿಲ್ಲ.) ಇಂದು ನೀವು ತುರ್ತು ಬಾಗಿಲಲ್ಲಿ ನೋಡುವ, ಮೈ ತಾಗಿದರೂ ತೆರೆಯುವ ಅಡ್ಡಪಟ್ಟಿ ಆ ದುರಂತದ ಬಳಿಕ ಹೆಚ್ಚು ಬಳಕೆಗೆ ಬಂದದ್ದು. ಹೊರಗೆ ತೆರೆಯುವ ಬಾಗಿಲು, ಉರಿಯುತ್ತಲೇ ಇರುವ ದಾರಿಸೂಚಕ ದೀಪ ಇವೆಲ್ಲ ಇಂಥ ಬೆಂಕಿಗಳಿಂದ ಕಲಿತ ನಿಯಮಗಳು.

ಕೂತ ಕೂಡಲೇ ಹತ್ತಿರದ ಎರಡು ಬಾಗಿಲು ಗುರುತಿಸಿ, ಅಲ್ಲಿಗೆ ಎಷ್ಟು ಸಾಲು ಎಂದು ಎಣಿಸಿ. ಒಂದೇ ಸಲ. ಜನರೆಲ್ಲ ಒಳಬಂದ ಬಾಗಿಲಿಗೇ ನುಗ್ಗುತ್ತಾರೆ, ಪಕ್ಕದ್ದು ಖಾಲಿ ಇರುತ್ತದೆ. ರಂಗದ ಮೇಲೆ ಮಂಜಿನಂತೆ ಹರಡುವ ಹೊಗೆ ಕಂಡು ಬೆಚ್ಚಬೇಡಿ. ಅದು ಬೆಳಕಿನ ಕೋಲುಗಳು ಕಾಣಲೆಂದು ಯಂತ್ರದಿಂದ ಬಿಡುವಂಥದ್ದು, ಕೆಲವೊಮ್ಮೆ ಸಣ್ಣ ವಾಸನೆಯೂ ಇರುತ್ತದೆ. ಹೊಗೆ, ಗುಂಡಿನ ಸದ್ದು, ಮಿಣುಕು ಬೆಳಕು ಇದ್ದರೆ ರಂಗಮಂದಿರದ ಜಾಲತಾಣದಲ್ಲಿ ಸಾಮಾನ್ಯವಾಗಿ ಮೊದಲೇ ಸೂಚಿಸಿರುತ್ತಾರೆ. ಮನೆಯಲ್ಲಿ ಯಾರಿಗಾದರೂ ಅಪಸ್ಮಾರವಿದ್ದರೆ ಮಿಣುಕು ಬೆಳಕಿನ ಸೂಚನೆಯನ್ನು ಟಿಕೆಟ್‌ಗೆ ಮುಂಚೆಯೇ ಓದಿ.

ಪ್ರಶ್ನೆ: ನಾನು ಹೈಸ್ಕೂಲ್ ಹುಡುಗ. ಅಪ್ಪನ ಜೊತೆ ನಾಟಕಕ್ಕೆ ಹೋಗುತ್ತಿದ್ದೇನೆ. ಅಪ್ಪ ಐದು ನಿಮಿಷಕ್ಕೊಮ್ಮೆ "ಟಿಕೆಟ್ ಇದೆಯೇನೋ?" ಅಂತ ಕೇಳುತ್ತಾರೆ. ನಾನು ರೇಗುತ್ತೇನೆ, ಆಮೇಲೆ ಬೇಜಾರಾಗುತ್ತದೆ. ಏನು ಮಾಡಲಿ?

ಉತ್ತರ: ಅಪ್ಪನ ಭಯ ವಾಸಿ ಮಾಡುವುದು ನಿನ್ನ ಕೆಲಸವಲ್ಲ, ಮೊದಲು ಅದನ್ನು ತಲೆಯಿಂದ ತೆಗೆ. ಕೆಲಸಗಳನ್ನು ಮಾತ್ರ ವಹಿಸಿಕೊ: ಟಿಕೆಟ್, ನಕ್ಷೆ. ಟಿಕೆಟನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಫೋನಿಗೆ ಇಳಿಸಿಕೊ. ಬರೀ ಫೋಟೋ ತೆಗೆದಿಟ್ಟರೆ ಸಾಲದು, ಕೆಲವು ಟಿಕೆಟ್‌ಗಳಲ್ಲಿ ಬಾಗಿಲಲ್ಲಿ ಸ್ಕ್ಯಾನ್ ಮಾಡುವ ಸಂಕೇತ ಆಗಾಗ ಬದಲಾಗುತ್ತದೆ. ಅಪ್ಪ ಕೇಳಿದಾಗ ಒಮ್ಮೆ ತೆಗೆದು ತೋರಿಸು. ಎರಡನೆಯ ಸಲ "ಆಗಲೇ ನೋಡಿದಿರಲ್ಲಪ್ಪ" ಎಂದಷ್ಟೇ ಹೇಳು, ಮತ್ತೆ ತೋರಿಸಬೇಡ. "ಏನೂ ಆಗಲ್ಲ ಸುಮ್ಮನಿರಿ" ಎಂದರೆ ಅವರಿಗೆ ಇನ್ನೂ ಹೆಚ್ಚಾಗುತ್ತದೆ. ಮತ್ತೆ, ಒಳಗೆ ಫೋನ್ ಸೈಲೆಂಟ್ ಅಲ್ಲ, ಪೂರ್ತಿ ಆಫ್. ಕತ್ತಲಲ್ಲಿ ಪರದೆಯ ಬೆಳಕು ರಂಗದವರೆಗೂ ಕಾಣುತ್ತದೆ.

ಪ್ರಶ್ನೆ: ನಾಟಕ ಮುಗಿದ ಮೇಲೆ ಹಿಂಬಾಗಿಲಲ್ಲಿ ನಿಂತು ನಟರ ಹಸ್ತಾಕ್ಷರ ತೆಗೆದುಕೊಳ್ಳಬೇಕಂತೆ ಮಗಳಿಗೆ. ಎಷ್ಟು ಹೊತ್ತು ಕಾಯಬೇಕು?

ಉತ್ತರ: ಬಣ್ಣ ತೆಗೆದು ಬರಲು ಅವರಿಗೂ ಹೊತ್ತು ಬೇಕು, ಅರ್ಧ ಗಂಟೆ ಇಟ್ಟುಕೊಳ್ಳಿ. ಬರಲೇಬೇಕೆಂಬ ಕಟ್ಟಳೆ ಅವರಿಗಿಲ್ಲ. ಅದೇ ಸಂಜೆ ಇನ್ನೊಂದು ಪ್ರದರ್ಶನವಿದ್ದರೆ ಮ್ಯಾಟಿನಿ ಮುಗಿದ ಮೇಲೆ ಒಳಗೇ ಉಳಿದು ದಣಿವಾರಿಸಿಕೊಳ್ಳುವವರೇ ಹೆಚ್ಚು. ಹಸ್ತಾಕ್ಷರ ಮುಖ್ಯವಾದರೆ ಒಂದೇ ಪ್ರದರ್ಶನವಿರುವ ದಿನ ಆರಿಸಿ. ಪೆನ್ನು ಮಗಳೇ ತರಲಿ, ನಾಟಕದ ಪರಿಚಯ ಪುಸ್ತಿಕೆಯ ಕಪ್ಪು ಮುಖಪುಟದ ಮೇಲೆ ನೀಲಿ ಶಾಯಿ ಕಾಣದು, ಬೆಳ್ಳಿ ಬಣ್ಣದ ಮಾರ್ಕರ್ ಒಳ್ಳೆಯದು. ನೀವು ಗುಂಪಿನೊಳಗೆ ನಿಲ್ಲಬೇಕಿಲ್ಲ. ಎದುರು ಬದಿಯಿಂದ ಅವಳು ಕಾಣುವಂತೆ ನಿಂತರೆ ಸಾಕು.