ಕಾರ್ಡಿನ ಬೆನ್ನು ಮೊದಲು ಓದಿ

ಓದುಗರ ಪ್ರಶ್ನೆ: ಈ ತಿಂಗಳು ಅಮೆರಿಕನ್ ಫುಟ್‌ಬಾಲಿನ ದುಬಾರಿ ಕಾರ್ಡುಗಳು

ಕ್ಲೀವ್‌ಲ್ಯಾಂಡಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಕಾರ್ಡು ಕೂಡಿಡಲು ಶುರು ಮಾಡಿದ್ದು ಮಗನ ಜೊತೆ. ಅವನು ಕಾಲೇಜಿಗೆ ಹೋಗುತ್ತಲೇ ಬಿಟ್ಟ, ನಾನು ಬಿಡಲಿಲ್ಲ. ಅಮೆರಿಕದ ನಾನಾ ಊರುಗಳಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಹದಿನಾಲ್ಕು ವರ್ಷದ ಮಗ ಹುಟ್ಟುಹಬ್ಬಕ್ಕೆ ಬಂದ ದುಡ್ಡೆಲ್ಲ ಸುರಿದು ಕಾರ್ಡು ಪ್ಯಾಕೆಟ್ಟುಗಳ ಒಂದು ಬಾಕ್ಸ್ ಕೊಂಡ. ಅದರಲ್ಲಿ ಸಿಕ್ಕ ಕಾರ್ಡಿನಲ್ಲಿ ಕಿಟಕಿಯಂತೆ ಕೊರೆದು ಬಟ್ಟೆಯ ತುಂಡು ಕೂರಿಸಿದ್ದಾರೆ. ಆಟಗಾರ ಮೈದಾನದಲ್ಲಿ ತೊಟ್ಟ ಜರ್ಸಿಯದೇ ಎಂದು ಅವನ ವಾದ. ನಿಜವೇ? (ಒಬ್ಬ ತಾಯಿ, ಎಡಿಸನ್, ನ್ಯೂಜೆರ್ಸಿ)

ಕಾರ್ಡನ್ನು ತಿರುಗಿಸಿ, ಬೆನ್ನ ಮೇಲಿನ ಸಣ್ಣ ಅಕ್ಷರ ಓದಿ. ಅಲ್ಲಿ ಮೂರು ಬಗೆಯ ಮಾತಿರಬಹುದು. ‘ಗೇಮ್ ವೋರ್ನ್’ ಎಂದಿದ್ದರೆ ಪಂದ್ಯದಲ್ಲಿ ತೊಟ್ಟದ್ದು. ‘ಪ್ಲೇಯರ್ ವೋರ್ನ್’ ಎಂದಿದ್ದರೆ ಆಟಗಾರನ ಮೈಗೆ ಒಮ್ಮೆ ತಾಗಿದ್ದು ನಿಜ, ಆದರೆ ಪಂದ್ಯದಲ್ಲಿ ತೊಟ್ಟದ್ದೆಂಬ ಭರವಸೆ ಇಲ್ಲ. ಮೂರನೆಯದರಲ್ಲಿ ಈ ಬಟ್ಟೆಗೆ ಯಾವುದೇ ನಿರ್ದಿಷ್ಟ ಪಂದ್ಯದ, ಸಂದರ್ಭದ, ಋತುವಿನ ಸಂಬಂಧವಿಲ್ಲ ಎಂದು ಕಂಪನಿಯೇ ಬರೆದಿರುತ್ತದೆ.

ನಿಮ್ಮ ಮಗನದು ರೂಕಿ ಕಾರ್ಡು, ಅಂದರೆ ಆಟಗಾರನ ಮೊದಲ ವರ್ಷದ್ದು ಎಂದಿದ್ದೀರಿ. ಹಾಗಾದರೆ ಬಹುಪಾಲು ಎರಡನೆಯ ಬಗೆ. ಏಪ್ರಿಲಿನಲ್ಲಿ ಡ್ರಾಫ್ಟ್ (ಲೀಗಿನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು) ಮುಗಿದ ಕೆಲವೇ ವಾರಕ್ಕೆ ಆಟಗಾರರ ಸಂಘ ‘ರೂಕಿ ಪ್ರೀಮಿಯರ್’ ಎಂಬ ಕೂಟ ನಡೆಸುತ್ತದೆ, ಹೆಚ್ಚಾಗಿ ಲಾಸ್ ಏಂಜಲೀಸ್ ಕಡೆ. 1994ರಿಂದ ಬಂದ ರೂಢಿ ಇದು. ಹೊಸ ಹುಡುಗರು ಅಲ್ಲಿ ತಂಡದ ಜರ್ಸಿ ತೊಟ್ಟು ಫೋಟೋಗೆ ನಿಲ್ಲುತ್ತಾರೆ, ಬಿಚ್ಚಿ ಕೊಡುತ್ತಾರೆ, ರಾಶಿ ರಾಶಿ ಸಹಿ ಹಾಕುತ್ತಾರೆ. ಆ ಜರ್ಸಿಯೇ ಕತ್ತರಿಗೆ ಹೋಗುವುದು. ಲೀಗಿನ ಪಂದ್ಯಗಳು ಶುರುವಾಗುವುದು ಸೆಪ್ಟೆಂಬರಿನಲ್ಲಿ!

ಇದನ್ನು ಮೋಸವೆಂದು ನಾನು ಕರೆಯಲಾರೆ, ಬರೆದು ತಾನೇ ಕೊಟ್ಟಿದ್ದಾರೆ. ಆದರೆ ಮಗನಿಗೆ ಇದನ್ನು ಹೇಳುವಾಗ ಅವನ ಕಾರ್ಡನ್ನು ಹಳಿಯಬೇಡಿ. ಜೊತೆಯಲ್ಲಿ ಕೂತು ಅವನಿಂದಲೇ ಬೆನ್ನು ಓದಿಸಿ. ನನ್ನ ಮಗನಿಗೆ ಇಂಗ್ಲಿಷಿನ ಕಾನೂನು ಭಾಷೆ ಮೊದಲು ಅರ್ಥವಾದದ್ದು ಹೀಗೇ. ಕಾರ್ಡಿನಲ್ಲಿ ಸಹಿಯಿದ್ದರೆ ಅದನ್ನೂ ನೋಡಿ. ಕಾರ್ಡಿನ ಮೇಲೇ ಹಾಕಿದ್ದೋ, ಪಾರದರ್ಶಕ ಸ್ಟಿಕರ್ ಮೇಲೆ ಹಾಕಿಸಿ ಅಂಟಿಸಿದ್ದೋ? ಬೆಳಕಿಗೆ ಓರೆಯಾಗಿ ಹಿಡಿದರೆ ಸ್ಟಿಕರಿನ ಅಂಚು ಕಾಣುತ್ತದೆ. ನೇರ ಸಹಿಗೇ ಬೆಲೆ ಹೆಚ್ಚು.

ಪ್ರಶ್ನೆ: ಕಾರ್ಡ್ ಶೋ ಒಂದರಲ್ಲಿ ನ್ಯಾಷನಲ್ ಟ್ರೆಷರ್ಸ್ ಎಂಬ ಸೆಟ್ಟಿನ ರೂಕಿ ಪ್ಯಾಚ್ ಆಟೋ, ಅಂದರೆ ಜರ್ಸಿಯ ತುಂಡೂ ಸಹಿಯೂ ಇರುವ ರೂಕಿ ಕಾರ್ಡು ನೋಡಿದೆ, ಅಚ್ಚಾದ 99 ಪ್ರತಿಗಳಲ್ಲಿ ಒಂದು. ಪ್ಯಾಚ್‌ನಲ್ಲಿ ಎರಡು ಬಣ್ಣ, ನಡುವೆ ದಪ್ಪ ಹೊಲಿಗೆ. ಮಾರುವವರು ಹೇಳಿದ ಬೆಲೆ ನನ್ನ ಎರಡು ತಿಂಗಳ ಮನೆ ಬಾಡಿಗೆ. ತೆಗೆದುಕೊಳ್ಳಲೇ? (ಓದುಗರು, ಡಲ್ಲಾಸ್)

ಒಂದು ವಾರ ತಡೆಯಿರಿ. ಯಾಕೆಂದು ಹೇಳುತ್ತೇನೆ.

2014ರಲ್ಲಿ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸಿ ಚೆಂಡು ಎಸೆಯುವ ಆಟಗಾರ) ಆಂಡ್ರ್ಯೂ ಲಕ್‌ನ 2012ರ ಅದೇ ಬಗೆಯ ಕಾರ್ಡೊಂದನ್ನು ಒಬ್ಬ ವ್ಯಾಪಾರಿಯಿಂದ ಕೊಂಡೆ. ನೀಲಿ, ಬಿಳಿ, ನಡುವೆ ಏರಿಳಿವ ಹೊಲಿಗೆ, ಕಣ್ಣು ಕೀಳಲಾಗದಷ್ಟು ಚೆಂದ. ಎಂಟು ತಿಂಗಳು ದಿನಾ ತೆಗೆದು ನೋಡಿದೆ. ಆಮೇಲೊಂದು ರಾತ್ರಿ ಹಳೆಯ ಹರಾಜುಗಳ ಫೋಟೋ ತಿರುವುತ್ತಿದ್ದಾಗ ನನ್ನದೇ ಕಾರ್ಡು ಎದುರಾಯಿತು. ಅದೇ ಸಂಖ್ಯೆ, ಸಹಿಯಲ್ಲಿ ‘ಎಲ್’ ಅಕ್ಷರದ ಅದೇ ಉದ್ದ ಬಾಲ. ಕಿಟಕಿಯೊಳಗೆ ಮಾತ್ರ ಬರೀ ಬಿಳಿ ಬಟ್ಟೆ. ನಡುವೆ ಯಾರೋ ಅದನ್ನು ಕಿತ್ತು ಬಣ್ಣದ ತುಂಡು ಕೂರಿಸಿದ್ದರು. ವ್ಯಾಪಾರಿ ಫೋನು ಎತ್ತಲಿಲ್ಲ. ದುಡ್ಡಿಗಿಂತ, ಆ ಎಂಟು ತಿಂಗಳು ನಾನು ಪ್ರೀತಿಸಿದ್ದು ಯಾರದೋ ಅಂಟಿನ ಕೆಲಸವನ್ನು ಎಂಬುದು ಇವತ್ತಿಗೂ ಸಂಕಟ.

ಸಾದಾ ಬಟ್ಟೆಯ ಕಾರ್ಡಿಗೂ ಬಣ್ಣದ ಪ್ಯಾಚ್ ಇರುವ ಕಾರ್ಡಿಗೂ ಬೆಲೆಯಲ್ಲಿ ಭಾರಿ ಅಂತರ. ಅದಕ್ಕೇ ಈ ಕಳ್ಳಕೆಲಸ. ಪ್ರತಿ ಕಾರ್ಡಿಗೂ ಸಂಖ್ಯೆ ಇರುವುದೇ ನಮಗಿರುವ ಆಸರೆ. ಆ ಸೆಟ್ಟಿನಲ್ಲಿ ಒಬ್ಬ ಆಟಗಾರನ 37/99 ಎಂಬ ಕಾರ್ಡು ಒಂದೇ ಇರುತ್ತದೆ, ಅದು ಹಿಂದೆ ಮಾರಾಟವಾಗಿದ್ದರೆ ಚಿತ್ರ ಎಲ್ಲೋ ಉಳಿದಿರುತ್ತದೆ. ಹರಾಜು ಮನೆಗಳ ಹಳೆಯ ದಾಖಲೆ ಹುಡುಕಿ. ಕಾರ್ಡು ಕೈಗೆ ಸಿಕ್ಕಾಗ ಕಿಟಕಿಯ ಅಂಚು ಎದ್ದಿದೆಯೇ, ಪದರಗಳ ನಡುವೆ ಅಂಟಿನ ಹೊಳಪಿದೆಯೇ, ಬಟ್ಟೆಯ ಬಣ್ಣ ಆ ತಂಡದ ಜರ್ಸಿಯಲ್ಲಿ ನಿಜಕ್ಕೂ ಇದೆಯೇ ನೋಡಿ. ಸಂಖ್ಯೆಯ ಫೋಟೋ ತೆಗೆಯಲು ಬಿಡದ ವ್ಯಾಪಾರಿಯ ಮೇಜಿನಿಂದ ಎದ್ದುಬನ್ನಿ.

ಇನ್ನೊಂದು ಮಾತು. ಸಂಖ್ಯೆ ಆಟಗಾರನ ಜರ್ಸಿ ನಂಬರಿಗೆ ಹೊಂದಿದರೆ, ಲಕ್‌ಗೆ 12/99 ಬಂದ ಹಾಗೆ, ಹೆಚ್ಚು ಕೇಳುತ್ತಾರೆ. ಕೊಡುವವರೂ ಇದ್ದಾರೆ, ನಾನು ಕೊಡುವುದಿಲ್ಲ.

ಗ್ರೇಡಿಂಗ್ ಮಾಡಿಸಬೇಕೇ, ಅಂದರೆ ಕಾರ್ಡಿನ ಸ್ಥಿತಿಗೆ ಪರಿಣತರಿಂದ ಹತ್ತಕ್ಕೆ ಇಂತಿಷ್ಟು ಎಂದು ಅಂಕ ಹಾಕಿಸಬೇಕೇ ಎಂದೂ ಕೇಳಿದ್ದೀರಿ. ಸಾಮಾನ್ಯ ಕಾರ್ಡು 35 ಪಾಯಿಂಟ್ ದಪ್ಪ, ಪ್ಯಾಚ್ ಕಾರ್ಡು 130 ಅಥವಾ ಅದಕ್ಕೂ ಮೇಲೆ. ಪಾಯಿಂಟ್ ಎಂದರೆ ಇಂಚಿನ ಸಾವಿರದ ಒಂದು ಪಾಲು. ದಪ್ಪ ಕಾರ್ಡಿನ ಮೂಲೆ ಪ್ಯಾಕೆಟ್ಟಿನಲ್ಲೇ ಸವೆದಿರುತ್ತದೆ, ಹತ್ತಕ್ಕೆ ಹತ್ತು ಸಿಗುವುದು ಅಪರೂಪ. ನಾನು ಬೆಕೆಟ್ ಎಂಬ ಗ್ರೇಡಿಂಗ್ ಕಂಪನಿಗೆ ಕಳಿಸುತ್ತೇನೆ. ಚಿತ್ರ ನಡುವಿಗೆ ಕೂತಿದೆಯೇ, ಮೂಲೆ, ಅಂಚು, ಮೇಲ್ಮೈ ಹೇಗಿವೆ ಎಂದು ನಾಲ್ಕಕ್ಕೂ ಬೇರೆ ಬೇರೆ ಅಂಕ ಕೊಟ್ಟು, ಸಹಿಗೂ ಪ್ರತ್ಯೇಕ ಅಂಕ ಕೊಡುತ್ತಾರೆ. ಮಾರುವ ಉದ್ದೇಶವಿದ್ದರೆ ಪಿಎಸ್‌ಎ ಎಂಬ ಇನ್ನೊಂದು ಕಂಪನಿಯ ಕಡೆಗೇ ಹೆಚ್ಚಿನವರ ಒಲವು.

ಪ್ರಶ್ನೆ: ಮಗಳಿಗೀಗ ಆರು ವರ್ಷ. ಅವಳ ಕಾಲೇಜಿಗೆಂದು ಈ ವರ್ಷದ ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಳ ರೂಕಿ ಕಾರ್ಡು ಕೊಂಡಿಡಬೇಕೆಂದಿದ್ದೇನೆ. ಲಕ್ಷಾಂತರ ಡಾಲರಿಗೆ ಹೋದ ಕಾರ್ಡುಗಳ ಸುದ್ದಿ ಓದಿದ್ದೇನೆ. (ತಂದೆ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಬೇಡಿ. ದಯವಿಟ್ಟು ಬೇಡಿ.

ನೀವು ಓದಿದ ಸುದ್ದಿ ಸುಳ್ಳಲ್ಲ. 2021ರಲ್ಲಿ ಪ್ಯಾಟ್ರಿಕ್ ಮಹೋಮ್ಸ್‌ನ 2017ರ ನ್ಯಾಷನಲ್ ಟ್ರೆಷರ್ಸ್ ಕಾರ್ಡು, ಲೀಗಿನ ಲಾಂಛನವನ್ನೇ ಕೂರಿಸಿದ ಒಂದೇ ಒಂದು ಪ್ರತಿ, 43 ಲಕ್ಷ ಡಾಲರಿಗೆ ಮಾರಾಟವಾಯಿತು. ಟಾಮ್ ಬ್ರಾಡಿಯ 2000ದ ಪ್ಲೇಆಫ್ ಕಂಟೆಂಡರ್ಸ್ ಚಾಂಪಿಯನ್‌ಶಿಪ್ ಟಿಕೆಟ್ ಎಂಬ ರೂಕಿ ಕಾರ್ಡು ಅದೇ ವರ್ಷ 31 ಲಕ್ಷಕ್ಕೆ ಹೋಯಿತು. ಆದರೆ ಯೋಚಿಸಿ, ಬ್ರಾಡಿಯನ್ನು ಡ್ರಾಫ್ಟಿನಲ್ಲಿ ಕರೆದದ್ದು ಆರನೇ ಸುತ್ತಿನಲ್ಲಿ, 199ನೆಯವನಾಗಿ. ಆ ಟಿಕೆಟ್ ಕಾರ್ಡು ಮಾಡಿದ್ದೇ ನೂರು. 2000ದಲ್ಲಿ ನಿಮ್ಮ ಹಾಗೆ ‘ಒಳ್ಳೆಯ ಕ್ವಾರ್ಟರ್‌ಬ್ಯಾಕ್’ ಆರಿಸಲು ಕೂತವರ ಪಟ್ಟಿಯಲ್ಲಿ ಅವನ ಹೆಸರು ಇರುತ್ತಿತ್ತೇ? ಲಕ್ 2012ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಗಾಯದ ಮೇಲೆ ಗಾಯ, 2019ರ ಆಗಸ್ಟಿನಲ್ಲಿ, ಮೂವತ್ತು ತುಂಬುವ ಮೊದಲೇ ಆಟ ಬಿಟ್ಟ. ಆ ರಾತ್ರಿ ಎಷ್ಟೋ ಮನೆಗಳಲ್ಲಿ ಕಾರ್ಡಿನ ಬೆಲೆ ಕುಸಿಯಿತು. ನನಗೆ ಅವನ ಬಗ್ಗೆಯೇ ನೋವಾಯಿತು. ಒಂದು ಮೊಣಕಾಲಿನ ಮೇಲೆ, ಒಂದು ಭುಜದ ಮೇಲೆ ಮಗಳ ಶಾಲಾ ಶುಲ್ಕ ಹೊರಿಸಬೇಡಿ.

ತೆರಿಗೆಯ ಲೆಕ್ಕವೂ ಕೇಳಿ. ಷೇರನ್ನು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಫೆಡರಲ್ ದರ ಗರಿಷ್ಠ 20 ಪ್ರತಿಶತ, ಕಾರ್ಡಿನಂಥ ಸಂಗ್ರಹ ವಸ್ತುಗಳಿಗೆ ಅದು 28ರವರೆಗೆ ಏರಬಹುದು. ಓದಿನ ಖರ್ಚಿಗೆಂದೇ ಇರುವ 529 ಎಂಬ ಉಳಿತಾಯ ಖಾತೆ ತೆರೆಯಿರಿ. ಕಾರ್ಡು ಬೇಕೆನಿಸಿದರೆ, ಹೋದರೂ ಮನೆಯವರಿಗೆ ಹೇಳಬಲ್ಲೆ ಎನ್ನುವಷ್ಟೇ ದುಡ್ಡಿನಲ್ಲಿ, ನೀವು ಆಟ ನೋಡಿ ಮೆಚ್ಚಿದವನದು ಒಂದೇ ಒಂದು ಕೊಳ್ಳಿ. ನನ್ನ ಹತ್ತಿರ ಜಿಮ್ ಬ್ರೌನ್‌ನ 1958ರ ಟಾಪ್ಸ್ ಕಾರ್ಡಿದೆ, ಮೂಲೆಗಳು ಉರುಟಾಗಿವೆ, ನಡುವೆ ಮಡಿಕೆ ಬಿದ್ದಿದೆ. ನಮ್ಮೂರಿನ ಬ್ರೌನ್ಸ್ ತಂಡಕ್ಕೆ ಒಂಬತ್ತೇ ಋತು ಆಡಿದವನು, ಈ ಊರಿನ ಮುದುಕರು ಈಗಲೂ ನಿನ್ನೆ ನೋಡಿದಂತೆ ಅವನ ಓಟದ ಮಾತಾಡುತ್ತಾರೆ. 2023ರಲ್ಲಿ ಅವನು ತೀರಿಕೊಂಡ ದಿನ ಅದನ್ನು ಮೇಜಿನ ಮೇಲಿಟ್ಟು ಕೂತಿದ್ದೆ. ಬೆಲೆ ಎಷ್ಟಾಗಿದೆ ಎಂದು ನೋಡಬೇಕೆನಿಸಲಿಲ್ಲ.

ಪ್ರಶ್ನೆ: ಪಕ್ಕದ ಮನೆಯ ಅಜ್ಜ ಮನೆ ಖಾಲಿ ಮಾಡುವಾಗ ಒಂದು ಹಿಡಿ ಹಳೆಯ ಕಾರ್ಡು ಕೊಟ್ಟರು. ಮೇಲಿನದು ಹಳೆಯ ಕ್ವಾರ್ಟರ್‌ಬ್ಯಾಕ್ ಜೋ ನೇಮತ್‌ನದು, ಆದರೆ ಆಲ್ಬಮ್ಮಿನ ಜೇಬಿಗಿಂತ ಉದ್ದವಿದೆ. ಕೆಳಗಿನ ಅಂಚು ಸ್ವಲ್ಪ ಕತ್ತರಿಸಿದರೆ ಕೂರುತ್ತದೆ. (ವಿದ್ಯಾರ್ಥಿನಿ, ಪಿಟ್ಸ್‌ಬರ್ಗ್)

ಕತ್ತರಿ ಕೆಳಗಿಡಿ, ತಾಯಿ! 1965ರಲ್ಲಿ ಟಾಪ್ಸ್ ಕಂಪನಿ ಆಗಿದ್ದ ಎಎಫ್‌ಎಲ್ ಎಂಬ ಇನ್ನೊಂದು ಲೀಗಿನ ಆಟಗಾರರ ಕಾರ್ಡುಗಳನ್ನು ಎಂದಿಗಿಂತ ಉದ್ದಕ್ಕೆ ಮಾಡಿತ್ತು, ಎರಡೂವರೆ ಇಂಚು ಅಗಲ, 4.7 ಇಂಚಿನಷ್ಟು ಉದ್ದ. ‘ಟಾಲ್ ಬಾಯ್’ ಎಂದೇ ಅದಕ್ಕೆ ಹೆಸರು. ಆ ಸೆಟ್ಟಿನಲ್ಲಿ ನೇಮತ್‌ನದು 122ನೇ ಕಾರ್ಡು, ಅವನ ರೂಕಿ ಕಾರ್ಡು, ಅದೂ ಉಳಿದವಕ್ಕಿಂತ ಕಡಿಮೆ ಅಚ್ಚಾದದ್ದು. ಒಂದು ಕೂದಲೆಳೆ ಕತ್ತರಿಸಿದರೂ ಗ್ರೇಡಿಂಗ್‌ನವರು ಅಂಕ ಕೊಡುವುದಿಲ್ಲ, ‘ತಿದ್ದಲಾಗಿದೆ’ ಎಂದು ಬರೆದು ಕೊಡುತ್ತಾರೆ.

ಟಾಲ್ ಬಾಯ್ ಅಳತೆಯ ಹೊದಿಕೆಗಳೇ ಸಿಗುತ್ತವೆ, ಪಿವಿಸಿ ಇಲ್ಲದ್ದನ್ನು ಕೇಳಿ ತನ್ನಿ. ಅಲ್ಲಿಯವರೆಗೆ ಸ್ವಚ್ಛ ಕಾಗದದ ಲಕೋಟೆಯಲ್ಲಿ ಬಿಸಿಲು ಬೀಳದ ಕಡೆ ಇಡಿ. ರಬ್ಬರ್ ಬ್ಯಾಂಡ್ ಬೇಡ. ಬೆನ್ನಿನಲ್ಲಿ 122 ಎಂದಿದೆಯೇ ನೋಡಿ, ಎರಡೂ ಬದಿಯ ಫೋಟೋ ಪತ್ರಿಕೆಗೆ ಕಳಿಸಿ. ಅಜ್ಜನಿಗೂ ಒಂದು ಫೋನು ಮಾಡಿ, ತಾವು ಕೊಟ್ಟದ್ದು ಏನೆಂದು ಅವರಿಗೆ ಗೊತ್ತಿಲ್ಲದೇ ಇರಬಹುದು.