ಪ್ಯಾರಿಸ್ಸಿನಿಂದ ಜುಲೈನಲ್ಲಿ ಒಂದೇ ದಿನಕ್ಕೆ ವೋ-ಲ-ವಿಕೋಂತ್, ಪ್ರೊವಾಂ, ಫೊಂಟೇನ್‌ಬ್ಲೋ ಮೂರನ್ನೂ ನೋಡಬಹುದಾ? ಜೊತೆಗೆ ಅಪ್ಪ ಅಮ್ಮ ಇರುತ್ತಾರೆ

ಬೆಳಿಗ್ಗೆ ವೋ-ಲ-ವಿಕೋಂತ್ ಅರಮನೆಯ ತೋಟದಿಂದ ಶುರು ಮಾಡುತ್ತೇವೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ಉತ್ತರ ಬರೆಯಲು ಕೂತೆ. ದಯವಿಟ್ಟು ಹಾಗೆ ಮಾಡಬೇಡಿ.

ನಾವು ಹೋಗಿದ್ದು 2019ರ ಜೂನ್ ಕೊನೆಯ ಶನಿವಾರ. ಹಿಂದಿನ ದಿನವಷ್ಟೇ ದಕ್ಷಿಣ ಫ್ರಾನ್ಸಿನಲ್ಲಿ 46 ಡಿಗ್ರಿ ದಾಖಲಾಗಿತ್ತು. ಪ್ಯಾರಿಸ್ ಕಡೆ ಅಷ್ಟಿರಲಿಲ್ಲ, ಆದರೂ ಬೆಳಿಗ್ಗೆಯೇ ಬಿಸಿ ಗಾಳಿ. ಅಮ್ಮ ಬಳ್ಳಾರಿಯವರು. "ಇದೂ ಒಂದು ಬಿಸಿಲೇನೋ" ಅಂತ ನಕ್ಕರು. ನಾನೂ ನಂಬಿದೆ. ಬಳ್ಳಾರಿಯಲ್ಲಿ ಮಟಮಟ ಮಧ್ಯಾಹ್ನ ಯಾರೂ ಬಯಲಲ್ಲಿ ವಾಕಿಂಗ್ ಹೋಗಲ್ಲ ಅನ್ನೋದು ಇಬ್ಬರಿಗೂ ನೆನಪಾಗಲಿಲ್ಲ.

ಅರಮನೆಯ ಹಿಂದಿನ ಮೆಟ್ಟಿಲ ಮೇಲೆ ನಿಂತರೆ ಇಡೀ ತೋಟ ಒಂದೇ ನೋಟಕ್ಕೆ ಸಿಗುತ್ತದೆ. ನಟ್ಟ ನಡುವೆ ನೇರ ದಾರಿ, ಕೊಳಗಳು, ಆಮೇಲೆ ಗುಹೆಯಂಥ ಕಮಾನುಗಳ ಸಾಲು, ಅದರ ಹಿಂದೆ ಹುಲ್ಲಿನ ದಿಬ್ಬ, ದಿಬ್ಬದ ಮೇಲೆ ಚಿನ್ನದ ಬಣ್ಣದ ಹರ್ಕ್ಯುಲಿಸ್ ಮೂರ್ತಿ. ನೋಡಿದರೆ ಹತ್ತು ನಿಮಿಷದ ದಾರಿ. "ಆ ಮೂರ್ತಿ ತನಕ ಹೋಗಿ ಬಂದುಬಿಡೋಣ" ಅಂದವನು ನಾನೇ. ಆಗ ಗಂಟೆ ಹನ್ನೆರಡು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ಮೋಸ ಹೋಗುತ್ತೀರಿ. ದೂರದ್ದು ಚಿಕ್ಕದಾಗಿ ಕಾಣಬೇಕು ತಾನೇ? ತೋಟ ಮಾಡಿದ ಲ ನೋತ್ರ್ ದೂರದ ಕೊಳಗಳನ್ನು ಬೇಕಂತಲೇ ಹತ್ತಿರದವಕ್ಕಿಂತ ದೊಡ್ಡದು, ಉದ್ದ ಮಾಡಿಟ್ಟ. ಹಾಗಾಗಿ ಎಲ್ಲವೂ ಪಕ್ಕದಲ್ಲೇ ಇರುವಂತೆ ಕಾಣುತ್ತದೆ. ಇನ್ನೂ ದೊಡ್ಡ ಆಟ ಕಮಾನುಗಳ ಹತ್ತಿರ. ಅವು ಚೌಕದ ಕೊಳದ ಅಂಚಿಗೇ ಅಂಟಿಕೊಂಡಿವೆ ಅನ್ನಿಸುತ್ತದೆ. ಹತ್ತಿರ ಹೋದಂತೆ ಅವು ಹಿಂದೆ ಹಿಂದೆ ಸರಿಯುತ್ತವೆ. ಕೊನೆಗೆ ನೆಲ ತಟ್ಟನೆ ತಗ್ಗಾಗಿ, ಕೆಳಗೆ ಅಡ್ಡಡ್ಡ ಒಂದು ದೊಡ್ಡ ಕಾಲುವೆ! ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಉದ್ದ. ತಗ್ಗಿನಲ್ಲಿರುವುದರಿಂದ ಅರಮನೆಯಿಂದ ಅದು ಕಾಣುವುದೇ ಇಲ್ಲ. ಕಮಾನುಗಳಿರುವುದು ಅದರ ಆಚೆ ದಡದಲ್ಲಿ. ನಡುವೆ ದಾಟುವ ಹಾಗಿಲ್ಲ, ತುದಿಯವರೆಗೆ ಹೋಗಿ ಸುತ್ತಿಕೊಂಡು ಬರಬೇಕು. ಮೂರ್ತಿಗೆ ನೇರವಾಗಿಯೇ ಸುಮಾರು ಒಂದೂವರೆ ಕಿಲೋಮೀಟರ್, ಸುತ್ತು ಬೇರೆ, ವಾಪಸ್ ಬೇರೆ.

ನೆರಳು? ಮರಗಳೆಲ್ಲ ಎರಡೂ ಪಕ್ಕದಲ್ಲಿ ದೂರ. ನಡುವೆ ಬರೀ ಬಿಳಿ ಜಲ್ಲಿ. ಅರಮನೆ ಮುಂದೆ ಬಳ್ಳಿ ಚಿತ್ತಾರದಂತೆ ಕತ್ತರಿಸಿದ್ದ ಪೊದೆಗಳಿಗೆ ರೋಗ ಬಂದು, ಅವನ್ನು ಕಿತ್ತು ಅದೇ 2019ರಲ್ಲಿ ಅಲ್ಯೂಮಿನಿಯಂ ಪಟ್ಟಿ ಹಾಸಿದರು. ಆ ಬಿಸಿಲಿಗೆ ಅದೊಂದು ಬಾಕಿ ಇತ್ತು.

ಕಾಲುವೆ ಸುತ್ತುವಾಗಲೇ ಅಮ್ಮನಿಗೆ ತಲೆ ಸುತ್ತಲು ಶುರುವಾಯಿತು. ನೀರಿನ ಬಾಟಲಿ ಖಾಲಿ. ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿ ವಾಪಸ್ ಬರುವಷ್ಟರಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ಶಟಲ್ ಬಸ್ ಹೋಗಿತ್ತು. ಹಳೇ ಕೋಟೆ ಊರು ಪ್ರೊವಾಂ ಮುಟ್ಟಿದ್ದು ಸಂಜೆ, ಒಳಗೆ ಹೋಗಿ ನೋಡುವುದೆಲ್ಲ ಮುಗಿದಿತ್ತು. ಅಮ್ಮ ಸ್ಟೇಷನ್ ಬಿಟ್ಟು ಏಳಲಿಲ್ಲ. ಮರುದಿನ ಪೂರ್ತಿ ಹೋಟೆಲ್ ರೂಮಿನಲ್ಲೇ ಮಲಗಿದ್ದರು. ಆ ಊರನ್ನು ನಾನು ಸರಿಯಾಗಿ ನೋಡಿದ್ದು ಬಹಳ ದಿನದ ಮೇಲೆ, ಒಬ್ಬನೇ.

ನೀವು ಕೇಳಿದ್ದು ಮೂರಕ್ಕೂ ಟೈಮ್ ಸಾಕಾ ಅಂತ. ಆ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಇಂಥ ತೋಟ ಲಾಲ್‌ಬಾಗ್ ತರಹ ಮರದ ಕೆಳಗೆ ಸುತ್ತಾಡೋಕೆ ಮಾಡಿದ್ದಲ್ಲ. ಮೇಲೆ ನಿಂತು ನೋಡೋಕೆ ಮಾಡಿದ್ದು, ನನ್ನ ಮಾತು ಒಪ್ಪದವರು ಬೇಕಾದಷ್ಟು ಜನ ಇರಬಹುದು. ಇದನ್ನು ಕಟ್ಟಿಸಿದ ಹಣಕಾಸು ಮಂತ್ರಿ ಫುಕೆ 1661ರ ಆಗಸ್ಟ್ 17ರಂದು ಹದಿನಾಲ್ಕನೇ ಲೂಯಿಗೆ ಇಲ್ಲಿ ದೊಡ್ಡ ಔತಣ ಕೊಟ್ಟ. ರಾಜ ಬಂದಿದ್ದೂ ಸಂಜೆಗೇ! (ಮೂರು ವಾರಕ್ಕೆ ಫುಕೆ ಜೈಲು ಸೇರಿದ, ಅವನ ತೋಟದವನನ್ನೂ ವಾಸ್ತುಶಿಲ್ಪಿಯನ್ನೂ ರಾಜ ವರ್ಸಾಯ್ ಕೆಲಸಕ್ಕೆ ಹಚ್ಚಿದ. ಅದು ಬೇರೆ ಕಥೆ.)

ಫೊಂಟೇನ್‌ಬ್ಲೋ ಅರಮನೆ ಬಿಟ್ಟುಬಿಡಿ. ಅದಕ್ಕೆ ರೈಲು ಪ್ಯಾರಿಸ್ಸಿನ ಗಾರ್ ದ ಲಿಯೋಂ ಸ್ಟೇಷನ್ನಿನಿಂದ, ಲೈನೇ ಬೇರೆ. ಉಳಿದ ಎರಡೂ ಗಾರ್ ದ ಲೆಸ್ತ್ ಸ್ಟೇಷನ್ನಿನಿಂದ ಹೊರಡುವ ಪಿ ಲೈನಿನಲ್ಲಿವೆ. ಶನಿವಾರ ಹೋಗಿ, ಉಲ್ಟಾ ಮಾಡಿ. ಬೆಳಗಿನ ರೈಲಿಗೆ ಸೀದಾ ಪ್ರೊವಾಂ, ಸುಮಾರು ಒಂದೂವರೆ ಗಂಟೆ. ಸ್ಟೇಷನ್ ಕೆಳಗಿನ ಊರಲ್ಲಿದೆ, ಕೋಟೆ ಗೋಡೆ ಮತ್ತು ಸೀಸರ್ ಗೋಪುರ ಮೇಲೆ, ಆ ಏರನ್ನು ತಂಪಿನಲ್ಲೇ ಮುಗಿಸಿ. ಬಿಸಿಲೇರಿದ ಮೇಲೆ ನೆಲದಡಿಯ ಸುರಂಗಗಳಿಗೆ ಇಳಿಯಿರಿ, ತಣ್ಣಗಿರುತ್ತವೆ. ಹನ್ನೆರಡು ಹದಿಮೂರನೇ ಶತಮಾನದಲ್ಲಿ ಯುರೋಪಿನ ವ್ಯಾಪಾರಿಗಳೆಲ್ಲ ಜಾತ್ರೆಗೆ ಬರುತ್ತಿದ್ದ ಊರು ಇದು, ಯುನೆಸ್ಕೋ ಪಟ್ಟಿಗೆ 2001ರಲ್ಲಿ ಸೇರಿದೆ. ಗುಲಾಬಿ ಜಾಮ್ ಸಿಗುತ್ತದೆ, ರುಚಿ ಥೇಟ್ ನಮ್ಮ ಗುಲ್ಕನ್.

ಮಧ್ಯಾಹ್ನ ಇಳಿದ ಮೇಲೆ ಅದೇ ಲೈನಿನಲ್ಲಿ ವಾಪಸ್ ಬರುತ್ತಾ ವೆರ್ನೊಯ್-ಲೆತಾಂ ಸ್ಟೇಷನ್ನಿನಲ್ಲಿ ಇಳಿದು, ಶಟಲ್ ಬಸ್ಸಿನಲ್ಲಿ ವೋ-ಲ-ವಿಕೋಂತ್‌ಗೆ ಹೋಗಿ. ಜುಲೈನಲ್ಲಿ ಸೂರ್ಯ ಮುಳುಗುವುದು ಹತ್ತು ಗಂಟೆ ಹತ್ತಿರಕ್ಕೆ. ಬೇಸಿಗೆಯ ಶನಿವಾರ ರಾತ್ರಿ ಅಲ್ಲಿ 2000 ಮೇಣದಬತ್ತಿ ಹಚ್ಚುತ್ತಾರೆ. ಅಪ್ಪ ಅಮ್ಮನನ್ನು ಮೆಟ್ಟಿಲ ಮೇಲೆ ಕೂರಿಸಿ, ಮೂರ್ತಿ ತನಕ ಬೇಕಿದ್ದರೆ ನೀವೊಬ್ಬರೇ ಹೋಗಿ ಬನ್ನಿ. ಅವರೂ ಬರ್ತೀವಿ ಅಂದರೆ ಬ್ಯಾಟರಿ ಗಾಡಿ ಬಾಡಿಗೆಗೆ ಸಿಗುತ್ತದೆ, ಲೈಸೆನ್ಸ್ ಜೊತೆಗಿರಲಿ.

ಒಂದೇ ಒಂದು ತಲೆನೋವು ರಾತ್ರಿ ವಾಪಸ್ ಬರೋದು. ಕೊನೆಯ ಶಟಲ್ ಎಷ್ಟಕ್ಕೆ, ಆಮೇಲೆ ರೈಲು ಇದೆಯಾ ಅಂತ ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಮೆಲಾಂ ಸ್ಟೇಷನ್ನಿಗೆ ಟ್ಯಾಕ್ಸಿ ಹೇಳಿಟ್ಟಿರಿ. ದುಡ್ಡು ಜಾಸ್ತಿಯೇ ಆಗುತ್ತದೆ.